ಡ್ಯಾಶ್ ಕ್ಯಾಮ್ ಕಾರ್ಡಲ್ಲಿ ಬೇಕಾದ ವಿಡಿಯೋ ಹುಡುಕೋದು ಹೇಗೆ

ಡ್ಯಾಶ್ ಕ್ಯಾಮ್ (ಗಾಡಿಯೊಳಗೆ ಕೂರಿಸಿ ರಸ್ತೆ ರೆಕಾರ್ಡ್ ಮಾಡೋ ಕ್ಯಾಮೆರಾ) ಮೆಮೊರಿ ಕಾರ್ಡನ್ನ ಕಂಪ್ಯೂಟರಿಗೆ ಹಾಕಿದ್ರೆ ಬರೀ ನಂಬರ್ ನಂಬರ್ ಇರೋ ನೂರಾರು ಫೈಲ್ ಕಾಣುತ್ತೆ, ಒಂದೊಂದೇ ಓಪನ್ ಮಾಡ್ಕೊಂಡು ಕೂತ್ರೆ ದಿನಾನೇ ಮುಗಿಯುತ್ತೆ. ಹೆಸರು ಓದೋಕೆ ಬಂದ್ರೆ ಅಷ್ಟು ಕಷ್ಟ ಇಲ್ಲ.

20240315_143022_ಎನ್‌ಎಫ್ ಅಂತ ಒಂದು ಫೈಲ್ ಇದೆ ಅನ್ಕೊಳ್ಳಿ. ಮೊದಲ 8 ಅಂಕಿ ವರ್ಷ, ತಿಂಗಳು, ದಿನ, ಅಂದ್ರೆ 2024 ಮಾರ್ಚ್ 15. ಆಮೇಲಿನ 6 ಅಂಕಿ 24 ಗಂಟೆ ಲೆಕ್ಕದ ಟೈಮು, ಮಧ್ಯಾಹ್ನ 2:30 ಆಗಿ 22 ಸೆಕೆಂಡು. ಕೊನೇಲಿರೋ ಅಕ್ಷರ ಕಂಪನಿಯಿಂದ ಕಂಪನಿಗೆ ಬೇರೆ, ಬ್ಲ್ಯಾಕ್‌ವ್ಯೂ ಅನ್ನೋ ಕಂಪನಿ ಕ್ಯಾಮೆರಾದಲ್ಲಿ ಎನ್ ಅಂದ್ರೆ ನಾರ್ಮಲ್, ಇ ಅಂದ್ರೆ ಇವೆಂಟ್ (ಗಾಡಿಗೆ ಏಟೋ ಜೋರು ಅಲುಗಾಟವೋ ಆದಾಗಿನದು), ಪಿ ಪಾರ್ಕಿಂಗ್, ಎಂ ಅಂದ್ರೆ ನೀವೇ ಬಟನ್ ಒತ್ತಿ ಸೇವ್ ಮಾಡಿದ್ದು. ಎಫ್ ಮುಂದಿನ ಕ್ಯಾಮೆರಾ, ಆರ್ ಹಿಂದಿನದು. ವರ್ಷ ಮೊದ್ಲು ಬರೋದ್ರಿಂದ ಹೆಸರಿನ ಪ್ರಕಾರ ಸಾರ್ಟ್ ಮಾಡಿದ್ರೆ ತಾನಾಗೇ ಟೈಮ್ ಪ್ರಕಾರ ಸಾಲಾಗಿ ನಿಲ್ಲುತ್ತೆ, ಹಂಗಾಗಿ ಹೆಸರನ್ನ ಬದಲಾಯಿಸೋಕೆ ಹೋಗ್ಬೇಡಿ.

ತುಂಬಾ ಜನ ಎಡವೋದು ಇಲ್ಲಿ. ಹೆಸರಲ್ಲಿರೋದು ಸಾಮಾನ್ಯವಾಗಿ ರೆಕಾರ್ಡಿಂಗ್ ಶುರುವಾದ ಟೈಮು, ಆದ್ರೆ ಕಂಪ್ಯೂಟರ್ ತೋರ್ಸೋ ಮಾಡಿಫೈಡ್ ಡೇಟು ಹೆಚ್ಚಾಗಿ ಆ ಫೈಲ್ ಮುಗಿದ ಟೈಮು. ಕ್ಯಾಮೆರಾ 1, 3 ಅಥವಾ 5 ನಿಮಿಷದ ತುಂಡು ತುಂಡಾಗಿ ಸೇವ್ ಮಾಡುತ್ತೆ, ಹಾಗಾಗಿ 2:31ಕ್ಕೆ ಆದ ಘಟನೆ ಬೇಕು ಅಂದ್ರೆ 1431 ಅಂತ ಹುಡುಕಿದ್ರೆ ಸಿಗದೇ ಇರ್ಬಹುದು, ಅದಕ್ಕಿಂತ ಸ್ವಲ್ಪ ಮುಂಚೆ ಶುರುವಾಗಿರೋ ಫೈಲ್ ನೋಡಿ, ಪಕ್ಕದ್ದನ್ನೂ ಎತ್ತಿಟ್ಕೊಳ್ಳಿ.

ಡೇಟೇ ತಪ್ಪಿದ್ರೆ? ಗಾಡಿ ತುಂಬಾ ದಿನ ನಿಂತಿದ್ರೆ ಕ್ಯಾಮೆರಾ ಒಳಗಿನ ಚಿಕ್ಕ ಬ್ಯಾಟರಿ ಖಾಲಿಯಾಗಿ ಗಡಿಯಾರ ಯಾವುದೋ ಹಳೇ ವರ್ಷಕ್ಕೆ ಹೋಗಿರುತ್ತೆ. ಜಿಪಿಎಸ್ ಇರೋ ಕ್ಯಾಮೆರಾ ಆದ್ರೆ ತಾನೇ ಸರಿ ಮಾಡ್ಕೊಳುತ್ತೆ, ಆದ್ರೆ ಟೈಮ್ ಝೋನ್ ನೀವು ಸರಿಯಾಗಿ ಹಾಕಿರ್ಬೇಕು. ಜಿಪಿಎಸ್ ಇಲ್ಲದಿದ್ರೆ ಗಡಿಯಾರ ತಿದ್ದೋಕೆ ಮುಂಚೆ ಅದರ ಟೈಮನ್ನೂ ಮೊಬೈಲ್ ಟೈಮನ್ನೂ ಒಟ್ಟಿಗೆ ಒಂದು ಫೋಟೋ ತೆಗ್ದಿಟ್ಕೊಳ್ಳಿ, ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಾದ್ರೆ ಹಳೇ ಫೈಲ್‌ಗಳ ನಿಜವಾದ ಟೈಮು ಲೆಕ್ಕ ಹಾಕ್ಬಹುದು.

ಫೋಲ್ಡರ್ ವಿಷ್ಯಕ್ಕೆ ಬಂದ್ರೆ, ಎಷ್ಟೋ ಕ್ಯಾಮೆರಾದಲ್ಲಿ ಡಿಸಿಐಎಂ ಅನ್ನೋ ಫೋಲ್ಡರ್ ಒಳಗೆ ಮಾಮೂಲಿ ರೆಕಾರ್ಡಿಂಗು, ಲಾಕ್ ಆದ (ಅಳಿಸಿ ಹೋಗದ ಹಾಗೆ ಕಾಪಾಡಿಟ್ಟ) ಫೈಲು, ಪಾರ್ಕಿಂಗು ಅಂತ ಬೇರೆ ಬೇರೆ ಜಾಗ ಇರುತ್ತೆ. ಕಾರ್ಡ್ ತುಂಬಿದ್ರೆ ಮಾಮೂಲಿಯಲ್ಲಿ ಹಳೇದು ಮೊದ್ಲು ಅಳಿಸಿ ಹೋಗುತ್ತೆ, ಲಾಕ್ ಆದದ್ದನ್ನ ಸಾಮಾನ್ಯವಾಗಿ ಮುಟ್ಟಲ್ಲ. ಏಟು, ಅಲುಗಾಟ ಗುರುತಿಸಿ ಫೈಲ್ ಲಾಕ್ ಮಾಡ್ಸೋ ಜಿ-ಸೆನ್ಸರನ್ನ ಜಾಸ್ತಿ ಸೂಕ್ಷ್ಮಕ್ಕಿಟ್ಟಿದ್ರೆ ಪ್ರತಿ ಹಳ್ಳಕ್ಕೂ ಒಂದು ಫೈಲ್ ಲಾಕಾಗಿ ಜಾಗ ತಿನ್ನುತ್ತೆ, ಸ್ವಲ್ಪ ಕಡಿಮೆ ಮಾಡಿ. ಟೆಸ್ಲಾ ಗಾಡೀಲಿ ಮಾತ್ರ ಟೆಸ್ಲಾಕ್ಯಾಮ್ ಫೋಲ್ಡರ್ ಒಳಗೆ ರೀಸೆಂಟ್‌ಕ್ಲಿಪ್ಸ್, ಸೇವ್ಡ್‌ಕ್ಲಿಪ್ಸ್, ಸೆಂಟ್ರಿಕ್ಲಿಪ್ಸ್ ಅಂತಿರುತ್ತೆ, ಒಂದೇ ನಿಮಿಷಕ್ಕೆ ಒಂದೊಂದು ಕ್ಯಾಮೆರಾದ್ದೂ ಬೇರೆ ಬೇರೆ ಫೈಲು.

ಬೇಕಾದ್ದು ಸಿಕ್ಕಮೇಲೆ ಕಟ್ ಮಾಡ್ಬೇಡಿ, ಕಾಪಿ ಮಾಡಿ, ಅದೇ ಹೆಸರಲ್ಲಿ ಇಡಿ. ಯಾರಿಗಾದ್ರೂ ವಾಟ್ಸಾಪಲ್ಲಿ ಕಳ್ಸೋದಾದ್ರೆ ಡಾಕ್ಯುಮೆಂಟ್ ಅಂತಾನೇ ಕಳ್ಸಿ, ವಿಡಿಯೋ ಅಂತ ಕಳ್ಸಿದ್ರೆ ಕ್ವಾಲಿಟಿ ಬಿದ್ದು ನಂಬರ್ ಪ್ಲೇಟ್ ಕಾಣಲ್ಲ, ಫೈಲ್ ಹೆಸರೂ ಬೇರೆ ಆಗೋಗುತ್ತೆ.