ವಸಾಹತು ಕಾಲದ ಫಿಲಿಪಿನೋ ವಕೀಲ-ಗವರ್ನರರ ಜೀವನಚಿತ್ರ ಬರೆಯುವ ಬಗೆ: ಮಾನುಎಲ್ ಕೇಸೊನ್ ಅವರ ಉದಾಹರಣೆ

ಫಿಲಿಪ್ಪೀನ್ಸಿನ ಮಾನುಎಲ್ ಕೇಸೊನ್ ಅವರ ಬಗ್ಗೆ ಬರೆಯಲು ಕೂತಾಗ, ಅವರು ಕಾಮನ್‌ವೆಲ್ತ್ ಸರ್ಕಾರದ (ಅಮೆರಿಕದ ಅಧೀನದಲ್ಲೇ ಇದ್ದ ಸ್ವಯಮಾಡಳಿತದ) ಅಧ್ಯಕ್ಷರಾದ 1935ನೇ ಇಸವಿಯಿಂದಲೇ ಆರಂಭಿಸಬೇಕೆನ್ನುವ ಆಸೆ ಸಹಜ. ಆದರೆ 1906ರಲ್ಲಿ ತಾಯಾಬಾಸ್ ಪ್ರಾಂತ್ಯದ ಗವರ್ನರ್ ಕುರ್ಚಿಯಲ್ಲಿ ಕೂತ 27 ವರ್ಷದ ವಕೀಲನನ್ನು ಹತ್ತಿರದಿಂದ ನೋಡದೆ ಆ ಅಧ್ಯಕ್ಷರು ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರ ನಂತರ ಅಧ್ಯಕ್ಷರಾದ ಸೆರ್ಹಿಯೊ ಒಸ್ಮೆನ್ಯಾ ಸೆಬು ಪ್ರಾಂತ್ಯದ ಗವರ್ನರಾಗಿದ್ದರು, ಒಸ್ಮೆನ್ಯಾ ಅವರ ನಂತರ ಬಂದ ಮಾನುಎಲ್ ರೊಹಾಸ್ ಕಾಪಿಸ್ ಪ್ರಾಂತ್ಯದ ಗವರ್ನರಾಗಿದ್ದರು, ಮೂವರೂ ವಕೀಲರು. ಆದ್ದರಿಂದ ಇಲ್ಲಿ ಹೇಳುವ ಕ್ರಮ ಅವರಿಬ್ಬರ ಜೀವನಚಿತ್ರಕ್ಕೂ ಒದಗುತ್ತದೆ.

ಮೊದಲು ‘ಗವರ್ನರ್’ ಎಂಬ ಪದದ ಗೊಂದಲವನ್ನು ಬಿಡಿಸಿಕೊಳ್ಳಿ. ಇದನ್ನು ‘ರಾಜ್ಯಪಾಲ’ ಎಂದು ಬರೆದರೆ ಓದುಗರ ಕಣ್ಣ ಮುಂದೆ ಬೇರೆಯೇ ಚಿತ್ರ ಬರುತ್ತದೆ. ಇಡೀ ದ್ವೀಪಸಮೂಹಕ್ಕೆ ವಾಷಿಂಗ್ಟನ್ನಿನಿಂದ ನೇಮಕವಾಗಿ ಬರುತ್ತಿದ್ದ ಅಮೆರಿಕನ್ ಗವರ್ನರ್ ಜನರಲ್ ಒಬ್ಬರಿದ್ದರು. ಪ್ರಾಂತ್ಯದ ಗವರ್ನರ್ ಅವರ ಕೆಳಗೆ, ನಮ್ಮ ಜಿಲ್ಲೆಯಂಥ ಪ್ರದೇಶವೊಂದರ ಮುಖ್ಯಸ್ಥ. ಅದೇ ಕಾಲದಲ್ಲಿ ಬ್ರಿಟಿಷ್ ಭಾರತದ ಜಿಲ್ಲೆಯನ್ನು ನೇಮಕಗೊಂಡ ಕಲೆಕ್ಟರ್ ಆಳುತ್ತಿದ್ದರೆ, ಅಲ್ಲಿ ಆ ಸ್ಥಾನಕ್ಕೆ ಚುನಾವಣೆ ನಡೆಯುತ್ತಿತ್ತು ಎಂಬ ಒಂದು ವಾಕ್ಯ ಸೇರಿಸಿದರೆ ಕನ್ನಡ ಓದುಗರಿಗೆ ವ್ಯತ್ಯಾಸ ತಕ್ಷಣ ಹೊಳೆಯುತ್ತದೆ.

ಅನಂತರ ಆ ಹುದ್ದೆಯ ಅಧಿಕಾರ ಎಷ್ಟಿತ್ತು ಎಂಬುದನ್ನು ವಿವರಿಸಿ. ಇದನ್ನು ಅವಸರದಲ್ಲಿ ಮುಗಿಸಬಾರದು, ಏಕೆಂದರೆ ಚರಿತ್ರೆಯ ತಿರುಳು ಇಲ್ಲಿಯೇ ಇದೆ. 1901ರ ಫೆಬ್ರವರಿಯಲ್ಲಿ ಹೊರಟ 83ನೇ ಕಾಯ್ದೆ ಪ್ರಾಂತ್ಯ ಸರ್ಕಾರಗಳಿಗೆ ರೂಪ ಕೊಟ್ಟಿತು. ಮೊದಲ ವರ್ಷಗಳಲ್ಲಿ ಗವರ್ನರನ್ನು ಆರಿಸುತ್ತಿದ್ದವರು ಜನಸಾಮಾನ್ಯರಲ್ಲ. ಊರೂರಿನ ಪುರಸಭೆಗಳ ಕೌನ್ಸಿಲರುಗಳೂ ಉಪಾಧ್ಯಕ್ಷರೂ ಒಂದೆಡೆ ಸೇರಿ ಮತ ಹಾಕುತ್ತಿದ್ದರು. ಆ ಕೌನ್ಸಿಲರುಗಳನ್ನು ಆರಿಸಿದವರಾದರೂ ಯಾರು? ಆಸ್ತಿ ಉಳ್ಳವರು, ಹೆಚ್ಚು ತೆರಿಗೆ ಕಟ್ಟುವವರು, ಸ್ಪ್ಯಾನಿಷ್ ಅಥವಾ ಇಂಗ್ಲಿಷ್ ಓದು-ಬರಹ ಬಲ್ಲವರು, ಹಿಂದೆ ಊರಿನ ಹುದ್ದೆ ನಿರ್ವಹಿಸಿದವರು, ಅದೂ ಗಂಡಸರು ಮಾತ್ರ. ಹೀಗೆ ಗೆದ್ದು ಬಂದ ಗವರ್ನರ್ ಮೂವರು ಸದಸ್ಯರ ಪ್ರಾಂತ್ಯ ಮಂಡಳಿಯಲ್ಲಿ ಕೂರುತ್ತಿದ್ದ. ಮಿಕ್ಕ ಇಬ್ಬರು ಮೇಲಿನಿಂದ ನೇಮಕವಾದವರು, ಸಾಮಾನ್ಯವಾಗಿ ಅಮೆರಿಕನ್ನರು. ಬೊಕ್ಕಸದ ಕೀಲಿ ಅವರಲ್ಲೊಬ್ಬನಾದ ಖಜಾಂಚಿಯ ಕೈಯಲ್ಲಿ. ರಸ್ತೆ, ಸೇತುವೆ, ಶಾಲೆ, ಯಾವುದಕ್ಕೇ ಹಣ ಬೇಕಾದರೂ ಚುನಾಯಿತನಾದವನು ನೇಮಕಗೊಂಡ ಇಬ್ಬರಲ್ಲಿ ಒಬ್ಬನನ್ನಾದರೂ ಒಲಿಸಿಕೊಳ್ಳಲೇಬೇಕಿತ್ತು. ಎದುರಿಗೆ ಕೂತವನ ಮುಖ ಕೆಡಿಸದೆ ತನ್ನ ಕೆಲಸ ಮಾಡಿಸಿಕೊಳ್ಳುವ ಜಾಣ್ಮೆಯನ್ನು ಕೇಸೊನ್ ಮುಂದೆ ವಾಷಿಂಗ್ಟನ್ನಿನಲ್ಲಿ ತೋರಿಸಿದರಷ್ಟೆ. ಅದನ್ನು ಕಲಿತದ್ದು ಈ ಮೇಜಿನ ಮುಂದೆ.

ಬಾಲ್ಯವನ್ನು ಚಿಕ್ಕದಾಗಿ ಹೇಳಿದರೆ ಸಾಕು. 1878ರ ಆಗಸ್ಟ್ 19ರಂದು ಬಾಲೇರ್ ಎಂಬ ಊರಿನಲ್ಲಿ ಜನನ. ತಂದೆ-ತಾಯಿ ಇಬ್ಬರೂ ಶಾಲಾ ಉಪಾಧ್ಯಾಯರು. ಮನಿಲಾದ ಸಾನ್ ಹುವಾನ್ ದೆ ಲೆತ್ರಾನ್ ಕಾಲೇಜಿನಲ್ಲಿ ಓದು, ಸಾಂತೊ ತೊಮಾಸ್ ವಿಶ್ವವಿದ್ಯಾಲಯದಲ್ಲಿ ಕಾನೂನು. ಓದು ಮುಗಿಯುವ ಮೊದಲೇ ಅಮೆರಿಕದೊಂದಿಗೆ ಯುದ್ಧ ಬಂತು. ಕೇಸೊನ್ ಫಿಲಿಪಿನೋ ಕ್ರಾಂತಿಯ ನಾಯಕ ಎಮಿಲಿಯೊ ಅಗಿನಾಲ್ದೊ ಅವರ ಸೇನೆ ಸೇರಿ ಮೇಜರ್ ಹುದ್ದೆಯವರೆಗೆ ಏರಿದರು.

ಆದರೆ 1901ರ ಒಂದು ಗಳಿಗೆಯ ಬಳಿ ನಿಲ್ಲಿ. ಅಗಿನಾಲ್ದೊ ಸೆರೆ ಸಿಕ್ಕ ಸುದ್ದಿ ನಿಜವೇ ಎಂದು ತಿಳಿಯಲು ಶರಣಾಗಿ ಬಂದ ಕೇಸೊನ್ ಅವರನ್ನು ಮನಿಲಾದ ಮಲಕಾನ್ಯಾಂಗ್ ಅರಮನೆಗೆ ಕರೆದೊಯ್ಯಲಾಯಿತು. ಅಮೆರಿಕನ್ ಸೇನೆಯ ಜನರಲ್ ಆರ್ಥರ್ ಮೆಕಾರ್ಥರ್ ಎದುರಿನ ಕೋಣೆಯತ್ತ ಕೈ ತೋರಿಸಿದರು. ಅಲ್ಲಿ ತಮ್ಮ ನಾಯಕ ಕೈದಿಯಾಗಿರುವುದನ್ನು ಕೇಸೊನ್ ಕಣ್ಣಾರೆ ಕಂಡರು. ಇದು ಅವರು ತಾವೇ ಹೇಳಿಕೊಂಡಿರುವ ಪ್ರಸಂಗ. ಇಂಥದ್ದನ್ನು ಬರೆಯುವಾಗ ‘ಕೇಸೊನ್ ನೆನಪಿಸಿಕೊಂಡಂತೆ’ ಎಂಬ ಎರಡು ಪದಗಳನ್ನು ತಪ್ಪದೆ ಸೇರಿಸಿ, ಏಕೆಂದರೆ ದಾಖಲೆಯ ಮಾತಿಗೂ ನೆನಪಿನ ಮಾತಿಗೂ ತೂಕ ಬೇರೆ. ಮುಂದೆ ಕೆಲವು ತಿಂಗಳು ಅವರು ಸೆರೆಮನೆಯಲ್ಲಿದ್ದರು.

ವಕೀಲಿಕೆಯ ಭಾಗದಲ್ಲಿ, 1903ರಲ್ಲಿ ವಕೀಲರ ಪರೀಕ್ಷೆಯಲ್ಲಿ ಒಸ್ಮೆನ್ಯಾ ಎರಡನೆಯ, ಕೇಸೊನ್ ನಾಲ್ಕನೆಯ ಸ್ಥಾನ ಪಡೆದರೆಂದು ಹೇಳಿ ನಿಲ್ಲಿಸಬೇಡಿ. ನ್ಯಾಯಾಲಯಗಳಲ್ಲಿ ಸ್ಪ್ಯಾನಿಷ್ ಭಾಷೆಯೂ ಸ್ಪೇನಿನ ಸಿವಿಲ್ ಸಂಹಿತೆಯೂ ಉಳಿದಿದ್ದವು, ವಿಚಾರಣೆಯ ಕ್ರಮ ಮಾತ್ರ ಅಮೆರಿಕದ್ದಾಗಿತ್ತು. ಎರಡೂ ಬಲ್ಲ ತರುಣರಿಗೆ ದಾರಿ ತಾನಾಗಿ ತೆರೆಯಿತು. ಕೇಸೊನ್ ಮಿಂಡೊರೊದಲ್ಲಿ, ಬಳಿಕ ತಾಯಾಬಾಸ್‌ನಲ್ಲಿ ‘ಫಿಸ್ಕಾಲ್’, ಅಂದರೆ ಸರ್ಕಾರಿ ಅಭಿಯೋಜಕರಾದರು. ತಾಯಾಬಾಸ್‌ನಲ್ಲಿ ಜಮೀನು ವ್ಯವಹಾರದ ಅಕ್ರಮಕ್ಕಾಗಿ ಅಮೆರಿಕನ್ ವಕೀಲ ಹಾಗೂ ಪತ್ರಿಕಾ ಮಾಲೀಕನೊಬ್ಬನ ಮೇಲೆಯೇ ಮೊಕದ್ದಮೆ ನಡೆಸಿದ್ದು ಅವರಿಗೆ ಹೆಸರು ತಂದಿತು.

ಇನ್ನು ಒರೆಗೆ ಹಚ್ಚಬೇಕಾದ ವಿಷಯ ಬೆಂಬಲದ್ದು. 1902ರಲ್ಲಿ ಇದೇ ತಾಯಾಬಾಸ್‌ನ ಗವರ್ನರಾಗಿ ಚುನಾಯಿತನಾದವನು ಹ್ಯಾರಿ ಬ್ಯಾಂಡ್‌ಹೋಲ್ಟ್ಜ್ ಎಂಬ ಅಮೆರಿಕನ್ ಸೇನಾಧಿಕಾರಿ. ಮುಂದೆ ಕಾನ್‌ಸ್ಟ್ಯಾಬ್ಯುಲರಿ ಎಂಬ ಸಶಸ್ತ್ರ ಪೊಲೀಸ್ ದಳದ ಅಧಿಕಾರಿಯಾದ ಅವನು, 1906ರ ಚುನಾವಣೆಯಲ್ಲಿ ಕೇಸೊನ್ ಅವರ ಬೆನ್ನಿಗೆ ನಿಂತ. ಅಭಿಮಾನದಿಂದ ಬರೆಯುವವರಿಗೆ ಇದನ್ನು ಬಿಟ್ಟುಬಿಡೋಣ ಎನ್ನಿಸಬಹುದು, ದಯವಿಟ್ಟು ಬಿಡಬೇಡಿ. ಸ್ವಾತಂತ್ರ್ಯಕ್ಕಾಗಿ ಹೋರಾಡಿ ಸೋತ ತರುಣ, ಸೋಲಿಸಿದವರ ಪೊಲೀಸ್ ಅಧಿಕಾರಿಯ ಸ್ನೇಹದಿಂದ ಮೇಲೆ ಬಂದು, ಮತ್ತೆ ಸ್ವಾತಂತ್ರ್ಯವನ್ನೇ ಕೇಳಿದ್ದು ಆ ಕಾಲದ ಸತ್ಯ. ಅದರ ಪಕ್ಕದಲ್ಲೇ 1901ರ 292ನೇ ಕಾಯ್ದೆಯನ್ನೂ ಇಡಿ: ಯುದ್ಧಸ್ಥಿತಿ ಮುಗಿಯುವವರೆಗೆ ಸ್ವಾತಂತ್ರ್ಯ ಬೇಕೆಂದು ಶಾಂತಿಯಿಂದ ಕೇಳುವುದನ್ನೂ ಅದು ಅಪರಾಧವಾಗಿಸಿತ್ತು. 1907ರಲ್ಲಿ ಕ್ರಾಂತಿಯ ಧ್ವಜ ಹಾರಿಸುವುದಕ್ಕೂ ನಿಷೇಧ ಬಂತು. ಬಾಯಿಗೆ ಬೀಗ ಹಾಕಿದ್ದ ಆ ದಿನಗಳಲ್ಲಿ ಕೇಸೊನ್ ಯಾರ ಸ್ನೇಹ ಮಾಡಿದರು, ಏಕೆ ಮಾಡಿದರು ಎಂಬುದನ್ನು ಓದುಗರು ಆಗ ನ್ಯಾಯವಾಗಿ ತೂಗಿ ನೋಡಬಲ್ಲರು.

ಗವರ್ನರ್ ಹುದ್ದೆ ಬಿಟ್ಟು 1907ರ ಮೊದಲ ಅಸೆಂಬ್ಲಿಗೆ ಆಯ್ಕೆಯಾದದ್ದು, 1909ರಿಂದ 1916ರವರೆಗೆ ವಾಷಿಂಗ್ಟನ್ನಿನಲ್ಲಿ ಪ್ರತಿನಿಧಿಯಾಗಿದ್ದದ್ದು, ಮುಂದೆ ಸ್ವಾತಂತ್ರ್ಯ ಕೊಡುವ ಭರವಸೆ ನೀಡಿದ 1916ರ ಜೋನ್ಸ್ ಕಾಯ್ದೆ, ಸೆನೆಟ್ ಅಧ್ಯಕ್ಷತೆ, 1944ರ ಆಗಸ್ಟ್ 1ರಂದು ನ್ಯೂಯಾರ್ಕ್ ರಾಜ್ಯದ ಸಾರನಾಕ್ ಲೇಕ್‌ನಲ್ಲಿ ಕ್ಷಯದಿಂದ ಸಾವು, ಇವುಗಳಿಗೆ ಒಂದು ಪ್ಯಾರಾ ಸಾಕು.

ಕೊನೆಯದಾಗಿ ಹೆಸರುಗಳನ್ನು ತಿದ್ದಿ. ‘ಕ್ವೆಝಾನ್’ ಎಂಬುದು ಇಂಗ್ಲಿಷ್ ಅಕ್ಷರ ನೋಡಿ ಓದಿದ್ದು. ಉಚ್ಚಾರ ‘ಕೇಸೊನ್’ ಎಂಬುದಕ್ಕೆ ಹತ್ತಿರ. ಒಸ್ಮೆನ್ಯಾ ಅವರ ಹೆಸರಿನ ‘ನ್ಯ’ಕಾರವನ್ನು ‘ನ’ ಮಾಡಬೇಡಿ. ತಾಯಾಬಾಸ್ ಪ್ರಾಂತ್ಯಕ್ಕೆ 1946ರಲ್ಲಿ ಕೇಸೊನ್ ಎಂದೇ ಹೆಸರಿಟ್ಟರು, ಬಾಲೇರ್ ಈಗ ಅರೋರಾ ಪ್ರಾಂತ್ಯದಲ್ಲಿದೆ. ಹಾಗಾಗಿ ಹಳೆಯ ಹೆಸರು ಮೊದಲ ಸಲ ಬಂದ ಕಡೆಯೇ ಇಂದಿನ ಹೆಸರನ್ನೂ ಕೊಟ್ಟುಬಿಡಿ. ಇಲ್ಲವಾದರೆ ನಕ್ಷೆ ತೆರೆದು ತಾಯಾಬಾಸ್ ಹುಡುಕುವ ಓದುಗರಿಗೆ ಆ ಹೆಸರಿನ ಒಂದು ಊರು ಸಿಗುತ್ತದೆಯೇ ಹೊರತು ಕೇಸೊನ್ ಆಳಿದ ಪ್ರಾಂತ್ಯ ಸಿಗುವುದಿಲ್ಲ.