ಸಿಸ್ಟರ್ ಇಲ್ಲದ ಬುಧವಾರ

ಅಕ್ಟೋಬರ್ ತಿಂಗಳು. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಆಗ ಮಧ್ಯಾಹ್ನ ಕಳೆದರೆ ಸಾಕು, ಗುಡುಗು ಶುರು. ಒಂದು ಸೋಮವಾರ ಸಂಜೆ ಬಡಿದ ಸಿಡಿಲಿಗೆ ಆಫೀಸಿನ ಮೋಡೆಮ್ಮೂ ಕಂಪ್ಯೂಟರೂ ಹೋದವು. ಅದೇ ವಾರ ಗುರುವಾರ ನಮ್ಮ ನರ್ಸಿಗೆ ಪಿಎಸ್‌ಸಿ ಪರೀಕ್ಷೆಯಿಂದ ಸಿಕ್ಕಿದ ಸರ್ಕಾರಿ ಕೆಲಸದ ಕಾಗದ ಬಂತು. ಎಷ್ಟೋ ವರ್ಷ ಓದಿ, ಕಾದು ಸಿಕ್ಕಿದ ಕೆಲಸ. "ನಾನು ಹೋಗ್ಬೇಕಲ್ಲ ಅಕ್ಕಾ" ಅಂದಾಗ ಅವಳ ಕಣ್ಣು ತುಂಬಿತ್ತು. ಖಂಡಿತ ಹೋಗು ಅಂದೆ, ಮನಸ್ಸಿನಿಂದಲೇ ಅಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದು ಸಣ್ಣ ಪಾಲಿಯೇಟಿವ್ ಸಂಘ, ಅಂದರೆ ಗುಣವಾಗದ ಕಾಯಿಲೆಯವರನ್ನು ಮನೆಗೇ ಹೋಗಿ ಆರೈಕೆ ಮಾಡುವವರು. ಒಬ್ಬಳು ನರ್ಸ್, ಒಬ್ಬ ಡ್ರೈವರ್, ಅರ್ಧ ದಿನ ಆಫೀಸಿಗೆ ಬರುವ ಒಬ್ಬಳು ಹುಡುಗಿ. ಉಳಿದವರೆಲ್ಲ ನನ್ನ ಹಾಗೆ ಸಂಬಳ ಇಲ್ಲದವರು. ಹಾಸಿಗೆ ಹಿಡಿದವರು ಇರುವ ನಲವತ್ತು ಚಿಲ್ಲರೆ ಮನೆಗಳಿಗೆ ವಾರಕ್ಕೆ ನಾಲ್ಕು ದಿನ ಜೀಪು ಹೋಗುತ್ತದೆ. ಕೇರಳ ಸರ್ಕಾರ 2008ರಲ್ಲೇ ಪಾಲಿಯೇಟಿವ್ ನೀತಿ ತಂದಿದೆ, ಪಂಚಾಯತಿನಿಂದಲೂ ನರ್ಸ್ ಮನೆಗೆ ಬರುತ್ತಾರೆ. ಆದರೂ ಗುಡ್ಡೆಯ ಆಚೆ, ತೋಡಿನ ಆಚೆ ಇರುವ ಮನೆಗಳಿಗೆ ಇನ್ನೊಂದು ಜೀಪು ಬೇಕೇ ಬೇಕು.

ಕಂಪ್ಯೂಟರ್ ಹೋದದ್ದು ಮೊದಲು ಅಷ್ಟು ದೊಡ್ಡ ಸಂಗತಿ ಅನ್ನಿಸಲಿಲ್ಲ. ರೋಗಿಗಳ ಪಟ್ಟಿ, ಯಾರ ಮನೆಯಲ್ಲಿ ಏರ್ ಬೆಡ್ ಇದೆ, ಯಾರಿಗೆ ಯಾವಾಗ ಮೂತ್ರದ ಟ್ಯೂಬ್ ಬದಲಿಸಬೇಕು, ಎಲ್ಲ ಗೂಗಲ್ ಡ್ರೈವಿನಲ್ಲಿ ಇತ್ತಲ್ಲ. ಬೇರೆ ಲ್ಯಾಪ್‌ಟಾಪ್ ತಂದು ತೆರೆಯಲು ಹೋದರೆ ಅದು ಕೋಡ್ ಕೇಳಿತು. ಕೋಡ್ ಹೋಗುವುದು ನಮ್ಮ ಹಳೆಯ ಕಾರ್ಯದರ್ಶಿಯ ನಂಬರಿಗೆ. ಅವರು ಗಲ್ಫಿನಲ್ಲಿ. ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತು ಎಷ್ಟೋ ಕಾಲವಾಗಿತ್ತು. ಕೊನೆಗೆ ಆಫೀಸಿನ ಹುಡುಗಿಯ ಫೋನಿನಲ್ಲಿ ಖಾತೆ ತೆರೆದೇ ಇದ್ದದ್ದು ನಮ್ಮ ಪುಣ್ಯ. ಅದು ಗೊತ್ತಾಗುವಾಗ ಮೂರು ದಿನ ಕಳೆದಿತ್ತು. ಆ ಮೂರು ದಿನ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎನ್ನುವುದೆಲ್ಲ ನಡೆದದ್ದು ನರ್ಸಿನ ನೆನಪಿನಿಂದ. ಅವಳೇ ಹೊರಟು ನಿಂತಿದ್ದಾಳೆ.

ಉಳಿದ ದಿನಗಳಲ್ಲಿ ನಾನು ಅವಳ ಜೊತೆ ಜೀಪಿನಲ್ಲಿ ಕೂತೆ. ಕೈಯಲ್ಲಿ ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ. ಒಂದು ಮನೆಗೆ ಒಂದು ಪುಟ. ಒಂದು ಪುಟದಲ್ಲಿ ಹೀಗಿದೆ: "ಭೂತಸ್ಥಾನದ ಹತ್ತಿರ ಜೀಪು ನಿಲ್ಲಿಸಿ. ತೋಡಿಗೆ ಅಡಿಕೆ ಮರದ ಸಂಕ, ಮಳೆಗಾಲದಲ್ಲಿ ದಾಟಬೇಡಿ, ಮೇಲಿನ ತೋಟದಿಂದ ಬನ್ನಿ. ನಾಯಿ ಇದೆ, ಹೊರಗಿನಿಂದಲೇ ಕರೆಯಿರಿ. ಅಜ್ಜಿಗೆ ಎಡ ಕಿವಿ ಕೇಳುವುದಿಲ್ಲ. ಸೊಸೆ ಬೀಡಿ ಕೊಡಲು ಹೋಗುವ ದಿನ ಬಾಗಿಲು ಹಾಕಿರುತ್ತದೆ, ಕೀ ಪಕ್ಕದ ಮನೆಯಲ್ಲಿ." ಇದರಲ್ಲಿ ಒಂದು ಸಾಲೂ ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದರಲ್ಲಿ ಇದ್ದದ್ದು ಹೆಸರು, ವಯಸ್ಸು, ವಾರ್ಡ್ ನಂಬರ್.

ರೋಗದ ಹೆಸರನ್ನು ಆ ಪುಸ್ತಕದಲ್ಲಿ ಬರೆಯಲಿಲ್ಲ. ಜೀಪಿನಲ್ಲಿ ಇರುವ ಪುಸ್ತಕ ಯಾರ ಕೈಗೂ ಸಿಗಬಹುದು. ಮಾಡಬೇಕಾದ ಕೆಲಸ ಮಾತ್ರ ಬರೆದೆವು. ಇನ್ನೊಂದು ಪ್ರತಿ ಖಜಾಂಚಿ ಮಾಷ್ಟ್ರ ಮನೆಯ ಕಪಾಟಿನಲ್ಲಿದೆ, ತಿಂಗಳಿಗೊಮ್ಮೆ ಎರಡನ್ನೂ ಸರಿ ಮಾಡುತ್ತೇವೆ.

ಹೊಸ ನರ್ಸ್ ಸಿಗಲು ಆರು ವಾರ ಬೇಕಾಯಿತು. ಅವಳು ಬಂದು ಕೆಲಸಕ್ಕೆ ಹೊಂದಿಕೊಂಡ ಮೇಲೆ ನಾನು ಸಮಿತಿಯಲ್ಲಿ ಒಂದು ಮಾತು ಹೇಳಿದೆ. ಒಬ್ಬರು ಇಲ್ಲದಿದ್ದರೆ ಎಲ್ಲಿ ಎಡವುತ್ತೇವೆ ಎಂದು ನೋಡಲು, ತಿಂಗಳ ಮೊದಲ ಬುಧವಾರ ನಮ್ಮಲ್ಲಿ ಸರದಿ ಪ್ರಕಾರ ಒಬ್ಬರು ಬರದೆ ಇರಬೇಕು. ಅವರಿಗೆ ಫೋನೂ ಮಾಡಬಾರದು. ಕೆಲಸ ಮಾತ್ರ ನಿಲ್ಲಬಾರದು. ಕೆಲವರಿಗೆ ಹಿಡಿಸಲಿಲ್ಲ. "ಇದ್ದ ಜನರನ್ನು ಸುಮ್ನೆ ಮನೆಯಲ್ಲಿ ಕೂರಿಸುವುದು ಎಂತಕ್ಕೆ?" ಅಂದರು. ಮಾಷ್ಟ್ರು ನನ್ನ ಪರ ನಿಂತರು.

ಮೊದಲ ಸರದಿ ನರ್ಸಿನದು. ಆವತ್ತು ಟ್ಯೂಬು, ಇಂಜೆಕ್ಷನ್ ಇಟ್ಟುಕೊಂಡಿರಲಿಲ್ಲ, ಅದು ನರ್ಸ್ ಮಾತ್ರ ಮಾಡುವ ಕೆಲಸ. ಅಂಥದ್ದು ತುರ್ತಾಗಿ ಬಂದರೆ ಯಾರನ್ನು ಕರೆಯಬೇಕು ಎಂದು ಪಂಚಾಯತಿನ ಸಿಸ್ಟರ್ ಹತ್ತಿರ ಮೊದಲೇ ಮಾತಾಡಿ, ಪುಸ್ತಕದ ಒಳರಟ್ಟಿನಲ್ಲಿ ಬರೆದಿಟ್ಟಿದ್ದೆವು. ಉಳಿದ ಕೆಲಸವೇ ಎಡವಿತು. ಔಷಧಿ ಕಪಾಟಿನ ಕೀ ಅವಳ ಬ್ಯಾಗಿನಲ್ಲಿ ಇತ್ತು. ಒಂದು ಮನೆಗೆ ಗುರುತು ಹಾಕಿದ ಹಲಸಿನ ಮರ ಮಳೆಗೆ ಬಿದ್ದು ಹೋಗಿತ್ತು, ಜೀಪು ಎರಡು ಸಲ ಮುಂದೆ ಹೋಯಿತು. ಇನ್ನೊಂದು ಸಂಗತಿ ಗಡಿನಾಡಿನ ನಮಗೆ ಮೊದಲೇ ಹೊಳೆಯಬೇಕಿತ್ತು. ಹಿಂದಿನ ಭೇಟಿಯ ಟಿಪ್ಪಣಿಯನ್ನು ಅವಳು ಮಲಯಾಳದಲ್ಲಿ ಬರೆದಿದ್ದಳು. ಆವತ್ತು ಹೋದ ಇಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರು. ಮಾತಾಡಲು ಮಲಯಾಳ ಬರುತ್ತದೆ, ಓದಲು ಬರುವುದಿಲ್ಲ. ಗಾಯಕ್ಕೆ ಮೊದಲೇ ಬ್ಯಾಂಡೇಜ್ ಬದಲಿಸಿ ಆಗಿತ್ತೋ ಇಲ್ಲವೋ ಅಂತ ರೋಗಿಯ ಮಗಳನ್ನೇ ಕೇಳಬೇಕಾಯಿತು. ಈಗ ಕೆಲಸಗಳಿಗೆ ಒಂದೊಂದು ಗುರುತು ಮಾಡಿದ್ದೇವೆ. ಬ್ಯಾಂಡೇಜಿಗೆ ಅಡ್ಡಗೆರೆ, ಟ್ಯೂಬಿಗೆ ಸೊನ್ನೆ, ಪಕ್ಕದಲ್ಲಿ ತಾರೀಕು. ಯಾವ ಭಾಷೆಯವರಿಗೂ ಅರ್ಥ ಆಗುತ್ತದೆ. ಸರ್ಕಾರಕ್ಕೆ ಕಳಿಸುವ ಮಲಯಾಳ ಕಾಗದಗಳ ಮಾದರಿಗಳನ್ನೂ ಒಂದು ಫೈಲಿನಲ್ಲಿ ಹಾಕಿಟ್ಟೆವು. ಅದನ್ನು ಬರೆಯುತ್ತಿದ್ದವಳು ಆಫೀಸಿನ ಹುಡುಗಿ ಒಬ್ಬಳೇ.

ಕರೆಂಟಿನ ಲೆಕ್ಕ ಮಾಡಿದ್ದು ಎರಡು ಮನೆಗಳಿಗಾಗಿ. ಅಲ್ಲಿ ನಮ್ಮ ಆಕ್ಸಿಜನ್ ಕಾನ್ಸಂಟ್ರೇಟರ್ ಇತ್ತು, ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುವ ಕರೆಂಟಿನ ಮೆಷಿನ್. 5 ಲೀಟರಿನ ಮೆಷಿನಿಗೆ ಸುಮಾರು 350 ವ್ಯಾಟ್ ಬೇಕು. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿ ಹೊಸದಾದರೂ ಮೂರು ಗಂಟೆ ಚಿಲ್ಲರೆ, ಅಷ್ಟೇ. ಜೂನ್‌ನಲ್ಲಿ ಮರ ಬಿದ್ದರೆ ನಮ್ಮಲ್ಲಿ ಕರೆಂಟು ಒಂದು ದಿನ ಇಡೀ ಇರುವುದಿಲ್ಲ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡು ಗಂಟೆ. ಆದ್ದರಿಂದ ಆ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲೇ ತುಂಬಿದ ಸಿಲಿಂಡರ್ ಇಡುತ್ತೇವೆ, ಜೊತೆಗೆ ಸ್ಪ್ಯಾನರ್. ಅದನ್ನು ತೆರೆಯುವುದನ್ನು ಮನೆಯ ಇಬ್ಬರಿಗೆ ಕಲಿಸಿ, ನಮ್ಮ ಎದುರು ಅವರ ಕೈಯಿಂದಲೇ ಮಾಡಿಸುತ್ತೇವೆ. ನೋಡಿ ಕಲಿತದ್ದು ರಾತ್ರಿ ಎರಡು ಗಂಟೆಗೆ ನೆನಪಿಗೆ ಬರುವುದಿಲ್ಲ. ಸಂಘಕ್ಕೆ ಕಂಪ್ಯೂಟರ್ ಹೋದರೆ ಮೂರು ದಿನದ ಕಿರಿಕಿರಿ, ಇಲ್ಲಿ ಹಾಗಲ್ಲ ಅಲ್ವಾ. ಅದಕ್ಕೇ ಹಣ ಸ್ವಲ್ಪ ಇದ್ದಾಗ ಹೊಸ ಕಂಪ್ಯೂಟರಿಗಿಂತ ಮೊದಲು ಸಿಲಿಂಡರ್ ತಂದೆವು.

ಹಣದ ಕಡೆ ಕೆಲಸ ಸಣ್ಣದು. ಬ್ಯಾಂಕಿನಲ್ಲಿ ಮೂವರ ಸಹಿ ಕೊಟ್ಟು, ಯಾರಾದರೂ ಇಬ್ಬರದ್ದು ಸಾಕು ಎಂದು ಮಾಡಿಸಿದೆವು. ಸಂಘದ ಹೆಸರಿನಲ್ಲಿ ಒಂದು ಸಿಮ್ ತೆಗೆದು, ಆಫೀಸಿನ ಸಣ್ಣ ಫೋನಿನಲ್ಲಿ ಹಾಕಿ, ಬ್ಯಾಂಕು, ಇನ್ಕಮ್ ಟ್ಯಾಕ್ಸು, ಗೂಗಲ್ ಎಲ್ಲದಕ್ಕೂ ಅದೇ ನಂಬರ್ ಕೊಟ್ಟೆವು. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಮೇ 31ರೊಳಗೆ ದಾನದ ಲೆಕ್ಕದ ಫಾರಂ ಹಾಕಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಒಂದು ಒಟಿಪಿ ಬಾರದೆ ಆ ಹಣ ಹೋಗುವುದು ಬೇಡ. ಫೋನ್ ಇಲ್ಲದಾಗಲೂ ಖಾತೆ ತೆರೆಯಲು ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಪ್ರಿಂಟ್ ಮಾಡಿ, ಲಕೋಟೆಯಲ್ಲಿ ಅಂಟಿಸಿ ಮಾಷ್ಟ್ರ ಕಪಾಟಿನಲ್ಲಿ ಇಟ್ಟಿದ್ದೇವೆ.

ಔಷಧಿಗೆ ಮಾತ್ರ ನಾವು ಮೊದಲೇ ಪಾಠ ಕಲಿತಿದ್ದೆವು. 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ರಸ್ತೆಗೇ ಮಣ್ಣು ಹಾಕಿದ್ದರು. ನಮ್ಮ ರೋಗಿಗಳಲ್ಲಿ ಜಾಸ್ತಿ ಜನ ಮಂಗಳೂರಿನ ಡಾಕ್ಟರ ಚೀಟಿಯವರು, ಮಾತ್ರೆಯೂ ಅಲ್ಲಿಂದಲೇ. ಆಗ ಕಾಸರಗೋಡಿನ ಅಂಗಡಿಗಳಲ್ಲಿ ಅದೇ ಕಂಪನಿಯ ಮಾತ್ರೆ ಇರಲಿಲ್ಲ. ಈಗ ಪ್ರತಿ ಪುಟದಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆ ಮಾತ್ರೆಯ ಒಳಗಿರುವ ಔಷಧಿಯ ಹೆಸರನ್ನೂ ಬರೆಯುತ್ತೇವೆ. ಎರಡು ಊರಿನಲ್ಲಿ ಎರಡು ಅಂಗಡಿ ಹೇಳಿಟ್ಟಿದ್ದೇವೆ.

ಡ್ರೈವರಿನ ಬುಧವಾರ ಇನ್ನೂ ಸರಿಯಾಗಿಲ್ಲ. ಆ ಕಡಿದಾದ ರಸ್ತೆಯಲ್ಲಿ ಜೀಪು ಏರಿಸಬಲ್ಲ ಇನ್ನೊಬ್ಬ ಇದ್ದಾನೆ, ಆದರೆ ಅವನು ಹಗಲು ಆಟೋ ಓಡಿಸುತ್ತಾನೆ. ಅವನ ಒಂದು ದಿನದ ದುಡಿಮೆಯನ್ನು ಸಂಘ ಕೊಡಬೇಕು ಎಂದು ನಾನು ಕೇಳುತ್ತಲೇ ಇದ್ದೇನೆ.

ಬರುವ ಬುಧವಾರ ನನ್ನ ಸರದಿ. ನನ್ನ ಫೋನಿನಲ್ಲಿ ಇರುವ, ಪುಸ್ತಕದಲ್ಲಿ ಇಲ್ಲದ ನಂಬರುಗಳನ್ನು ನಿನ್ನೆ ರಾತ್ರಿ ಕೂತು ಬರೆಯತೊಡಗಿದೆ. ಹನ್ನೊಂದು ನಂಬರ್ ಆಯಿತು, ಇನ್ನೂ ಇದೆ.