ಎದೆ ಮೊದಲೋ, ಗಾಳಿ ಮೊದಲೋ: ಉಸಿರಾಟದ ಪಾಠ ಮಾಡಿದ ನನ್ನ ಅನುಭವ

ಮಳವಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಉಸಿರಾಟದ ಪಾಠವನ್ನು ಹಲವು ವರ್ಷ ಗೋಡೆಯ ಪಟದಿಂದಲೇ ಮುಗಿಸುತ್ತಿದ್ದೆ. ಪಟದಲ್ಲಿ ಶ್ವಾಸಕೋಶಗಳು ಎರಡು ಖಾಲಿ ಚೀಲಗಳಂತೆ ಕಾಣುತ್ತವೆ. ಮಕ್ಕಳೂ ಹಾಗೆಯೇ ನಂಬುತ್ತಿದ್ದರು. ಬಂಡೂರು ಕುರಿಗೆ ಹೆಸರಾದ ಸೀಮೆಯಲ್ಲಿದ್ದೂ ನಿಜವಾದ ಶ್ವಾಸಕೋಶವನ್ನು ತೋರಿಸದಿರುವುದು ಸರಿಯಲ್ಲವೆನಿಸಿ, ಮಾಂಸದಂಗಡಿಯಿಂದ ಕುರಿಯ ಪುಪ್ಪುಸವನ್ನು ತರಗತಿಗೆ ತಂದೆ.

ಮೊದಲ ಸಲ ತಂದದ್ದು ಉಬ್ಬಲೇ ಇಲ್ಲ. ಕತ್ತಿ ತಗುಲಿ ಅಂಚಿನಲ್ಲಿ ಸೀಳು ಬಿದ್ದಿದ್ದರಿಂದ ಹಾಕಿದ ಗಾಳಿಯೆಲ್ಲ ಅಲ್ಲಿಂದ ಸೋರಿಹೋಯಿತು. ಮುಂದಿನ ಸಲ, ಶ್ವಾಸನಾಳವನ್ನು ಗೇಣುದ್ದ ಉಳಿಸಿ ಎಲ್ಲೂ ಗಾಯವಾಗದಂತೆ ತೆಗೆದುಕೊಡಲು ಮೊದಲೇ ಹೇಳಿಟ್ಟಿದ್ದೆ. ಆ ನಾಳಕ್ಕೆ ರಬ್ಬರ್ ಕೊಳವೆ ಕಟ್ಟಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹಾಕಿದಾಗ, ಕಂದುಗೆಂಪಾಗಿ ಮುದುಡಿದ್ದ ಮುದ್ದೆ ಅಲ್ಲಲ್ಲಿ ತಿಳಿಗುಲಾಬಿಯಾಗುತ್ತಾ, ಆ ಬಣ್ಣ ಅಂಚಿನವರೆಗೂ ಹಬ್ಬುತ್ತಾ, ಕಣ್ಣೆದುರೇ ಅರಳಿತು. ಕತ್ತರಿಸಿ ನೀರಿಗೆ ಹಾಕಿದ ತುಂಡು ತೇಲಿತು. ಒಳಗೆ ಪೊಳ್ಳಿಲ್ಲ, ಸ್ಪಂಜಿನಂಥ ನೆಯ್ಗೆಯಿದೆ ಎಂಬುದನ್ನು ಮಕ್ಕಳು ಒತ್ತಿ ನೋಡಿಯೇ ತಿಳಿದರು. ಮನುಷ್ಯನ ಶ್ವಾಸನಾಳ ಸುಮಾರು 23 ಸಲ ಕವಲೊಡೆದು, ಕೊನೆಗೆ ಸುಮಾರು 30 ಕೋಟಿ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಅವುಗಳ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಅದು ನಮ್ಮ ತರಗತಿಯ ನೆಲಕ್ಕಿಂತ ದೊಡ್ಡದು. ರಕ್ತಕ್ಕೆ ಆಮ್ಲಜನಕ ಸೇರುವುದು, ಇಂಗಾಲದ ಡೈಆಕ್ಸೈಡ್ ಹೊರಬರುವುದು ಈ ತೆಳುಗೋಡೆಯ ಮೂಲಕವೇ.

ನಾಳವನ್ನು ಸವರಿದ ಹುಡುಗಿಯೊಬ್ಬಳು ಅದರ ಹಿಂಬದಿ ಮೆತ್ತಗಿದೆ ಎಂದಳು. ಮೃದ್ವಸ್ಥಿಯ ಉಂಗುರಗಳು ಪೂರ್ತಿ ಸುತ್ತುವುದಿಲ್ಲ, ಹಿಂದೆ ತೆರೆದಿರುತ್ತವೆ. ಅನ್ನನಾಳ ಅದಕ್ಕೆ ಒರಗಿಕೊಂಡೇ ಇರುತ್ತದೆ. ಊಟಮಾಡುವಾಗ ನೆತ್ತಿಗೆ ಹತ್ತಿತೆಂದು ಹಿರಿಯರು ತಲೆ ತಟ್ಟುತ್ತಾರಲ್ಲ, ಆಗ ಅಗುಳು ಹೋಗಿರುವುದು ನೆತ್ತಿಗಲ್ಲ, ಈ ನಾಳದ ಬಾಯಿಗೆ. ಬಲಗವಲು ಹೆಚ್ಚು ಅಗಲವಾಗಿಯೂ ನೆಟ್ಟಗೂ ಇರುವುದರಿಂದ, ಮಕ್ಕಳು ನುಂಗಿದ ಕಡಲೆಬೀಜ ಒಳಗಿಳಿದರೆ ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ.

ಆದರೆ ನನ್ನ ಪಂಪು ಒಂದು ತಪ್ಪು ತಿಳಿವಳಿಕೆಯನ್ನೂ ಬಿತ್ತಿತ್ತು. ಗಾಳಿ ಒಳನುಗ್ಗುವುದರಿಂದ ಎದೆ ಉಬ್ಬುತ್ತದೆ ಎಂದು ಮರುದಿನ ಹೆಚ್ಚಿನವರು ಬರೆದಿದ್ದರು. ನಿಜವಾಗಿ ನಡೆಯುವುದು ಇದಕ್ಕೆ ತಿರುವುಮುರುವು: ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದು ಎದೆಗೂಡು ಹಿಗ್ಗುತ್ತದೆ; ಒಳಗಿನ ಒತ್ತಡ ತಗ್ಗಿದ್ದರಿಂದ ಹೊರಗಿನ ಗಾಳಿ ತಾನಾಗಿ ಒಳಬರುತ್ತದೆ. ಶ್ವಾಸಕೋಶಕ್ಕೆ ಹಿಗ್ಗುವ ಸ್ವಂತ ಸ್ನಾಯುವಿಲ್ಲ. ಕುಲುಮೆಯ ತಿದಿಯೂ ಬಿಚ್ಚಿದಾಗಲೇ ಗಾಳಿಯನ್ನು ಎಳೆದುಕೊಳ್ಳುತ್ತದೆ ಎಂದಾಗ ಕೆಲವರಿಗೆ ಹೊಳೆಯಿತು.

ಉಳಿದವರಿಗಾಗಿ, ತಳ ಕತ್ತರಿಸಿದ ನೀರಿನ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ಅದನ್ನು ಒಳಕ್ಕೆ ಇಳಿಬಿಟ್ಟು, ತಳಕ್ಕೆ ಇನ್ನೊಂದು ಬಲೂನಿನ ರಬ್ಬರನ್ನು ಬಿಗಿದೆವು. ತಳದ ರಬ್ಬರನ್ನು ಕೆಳಗೆಳೆದರೆ ಒಳಗಿನ ಬಲೂನು ಯಾರೂ ಊದದೆಯೇ ಉಬ್ಬಿತು. ಒಂದು ಗುಂಪಿನ ಬಾಟಲಿಯಲ್ಲಿ ಮಾತ್ರ ಅದು ಜಗ್ಗಲಿಲ್ಲ. ಬಲೂನಿನಲ್ಲಿ ತೂತಿರಲಿಲ್ಲ, ಬಾಟಲಿಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಎದೆಗೆ ಇರಿತವಾದಾಗ ಶ್ವಾಸಕೋಶಕ್ಕೆ ಗಾಯವಾಗದಿದ್ದರೂ ಅದು ಕುಗ್ಗಿಬಿಡುವುದು ಹೀಗೆಯೇ ಎಂದು, ಆ ತೂತಿಗೆ ಮೇಣ ಮೆತ್ತುತ್ತಾ ವಿವರಿಸಿದೆ. ಮತ್ತೆ ಎಳೆದಾಗ ಬಲೂನು ಉಬ್ಬಿತು.